‘ಹಸಿರು ಆನೆ’ಯ ಮೇಲಿನ ದೂರು

ಡೊಂಬಿವಲಿ,
೧೪ ಜುಲೈ ೨೦೧೬

ಚೆಸ್ ವೆಬ್‌ಸೈಟಿನ ದೂರು ವಿಭಾಗದವರಿಗೆ ನಮಸ್ಕಾರ.

‘ಹಸಿರು ಆನೆ’ ಎಂಬ ಆಟಗಾರ ಹೊಸಬರ ವರ್ಗದಲ್ಲಿದ್ದುಕೊಂಡು ಕಂಪ್ಯೂಟರ್ ನೋಡಿ ಆಡುತ್ತಾನೆ, ಅವನ ಖಾತೆ ಮುಚ್ಚಿ ಎಂದು ಕಳೆದ ವಾರ ದೂರು ಕೊಟ್ಟವನು ನಾನೇ. ವರ್ತಕ ನಗರದ ನನ್ನ ಹೋಟೆಲಿನಲ್ಲಿ ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಆಡಿ, ಒಂದು ಸಲವೂ ಗೆಲ್ಲದೆ ಸಿಟ್ಟಿನಲ್ಲಿ ಬರೆದದ್ದು. ದಯವಿಟ್ಟು ಅದನ್ನು ರದ್ದು ಮಾಡಿ.

ಆ ಆಟಗಾರ ಕಾಲಾಳನ್ನು ಮೊದಲ ನಡೆಯಲ್ಲೂ ಒಂದೇ ಮನೆ ಮುಂದಿಡುತ್ತಿದ್ದುದು ನನಗೆ ವಿಚಿತ್ರವಾಗಿ ಕಂಡಿತ್ತು. ಎರಡು ಮನೆ ಹೋಗಬಹುದೆಂದೇ ತಿಳಿಯದವನು ನನ್ನನ್ನು ಸೋಲಿಸುವುದು ಹೇಗೆ?

ನಿನ್ನೆ ಊಟ ಬಡಿಸುತ್ತಾ ನನ್ನ ಹೆಂಡತಿ ಉಮಾವತಿ ಹೇಳಿದಳು: “ಮೊಮ್ಮಗಳು ನನಗೆ ‘ಹಸಿರು ಆನೆ’ ಅಂತ ಹೆಸರಿಟ್ಟು ಟ್ಯಾಬಿನಲ್ಲಿ ಚೆಸ್ ಹಾಕಿಕೊಟ್ಟಿದ್ದಾಳೆ. ಮಧ್ಯಾಹ್ನ ಒಬ್ಬ ದಿನಾ ಸಿಗ್ತಾನೆ ಮಾರಾಯ್ರೆ. ಎಷ್ಟು ಸೋತರೂ ಪುನಃ ಕರೀತಾನೆ. ಪಾಪ, ಕುದುರೆ ಎಲ್ಲಿಂದ ಬರ್ತದೆ ಅಂತಲೇ ಅವನಿಗೆ ಗೊತ್ತಾಗುವುದಿಲ್ಲ.”

ಮದುವೆಯಾದ ಹೊಸತರಲ್ಲಿ, ನಮ್ಮೂರಿನ ಪದ್ಧತಿಯಂತೆ ಕಾಲಾಳಿಗೆ ಒಂದೇ ಮನೆ ಎಂದು ಅವಳಿಗೆ ಕಲಿಸಿದವನು ನಾನು. ಅಷ್ಟು ಕಲಿತೇ ಅವಳು ಹೀಗೆ ಆಡುತ್ತಾಳೆ. ಎರಡು ಮನೆಯ ನಡೆಯನ್ನೂ ಆಡತೊಡಗಿದರೆ ಇನ್ನೇನು ಮಾಡಿಯಾಳೋ.

ಆದ್ದರಿಂದ ಖಾತೆ ಮುಚ್ಚಬೇಡಿ, ಅವಳನ್ನು ಮೇಲಿನ ವರ್ಗಕ್ಕೆ ಹಾಕಿ. ನನ್ನನ್ನೂ ಅಲ್ಲೇ ಹಾಕಿದರೆ ಉಪಕಾರ. ದೂರು ಕೊಟ್ಟವರ ಹೆಸರನ್ನು ಮಾತ್ರ ಅವಳಿಗೆ ತಿಳಿಸಬೇಡಿ. ಎದುರಿಗಿರುವುದು ನಾನೆಂದು ಗೊತ್ತಾದರೆ ಅವಳು ಬೇಕೆಂದೇ ಸೋಲುತ್ತಾಳೆ.

ಇತಿ,
ಜಯಶೀಲ ಶೆಟ್ಟಿ
(‘ಹಸಿರು ಆನೆ’ಗೆ ಆಟ ಕಲಿಸಿದವನು)