ಹಜಾರಕ್ಕೆ ಬಂದ ದೂರಿನ ಪುಸ್ತಕ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಮ್ಮನ ತುಂಬು ಮನಸ್ಸಿನ ಆಶೀರ್ವಾದ. ನಿನ್ನ ಕಾಗದಕ್ಕೆ ಎರಡು ತಿಂಗಳಿಂದ ಉತ್ತರ ಬರೆದಿಲ್ಲ. ಬೈದುಕೋ, ಆದರೆ ಬೈದು ಮುಗಿಸಿ ಮುಂದೆ ಓದು. ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ ಕಣೇ. ನಿನ್ನ ಕಾಗದದಲ್ಲೂ ಬಿಸಿಲು, ಚಳಿಯ ಸಮಾಚಾರ ಬಿಟ್ಟರೆ ಏನಿತ್ತು ಹೇಳು? ನಿಮ್ಮಪ್ಪ ಚೆನ್ನಾಗಿದ್ದಾರೆ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಕಾರ್ಯಕ್ರಮ ದಿನಾ ನಡೆದಿದೆ.

ಈಗ ಸುದ್ದಿ ಕೇಳು. ನಿಮ್ಮಮ್ಮ ಈ ವಿಶ್ವವಿದ್ಯಾಲಯದಲ್ಲಿ ದೊಡ್ಡ ಮನುಷ್ಯಳಾಗಿಬಿಟ್ಟಿದ್ದಾಳೆ! ಹುಡುಗಿಯರು ನನಗೆ ‘ರಿಜಿಸ್ಟರಮ್ಮ’ ಅಂತ ಹೆಸರಿಟ್ಟಿದ್ದಾರೆ. ಇಪ್ಪತ್ತೆರಡು ವರ್ಷ ಭದ್ರತಾ ವಿಭಾಗದ ಮೂಲೆಯಲ್ಲಿ ಕೂತು ದೂರಿನ ಪುಸ್ತಕ ಬರೆದವಳನ್ನು ಇಲ್ಲಿಯವರೆಗೆ ಯಾರೂ ಏನಂತಲೂ ಕರೆದಿರಲಿಲ್ಲ.

ಆದದ್ದಿಷ್ಟು. ಜನವರಿಯಲ್ಲಿ ನಮ್ಮ ಆಫೀಸಿಗೆ ಸುಣ್ಣಬಣ್ಣ ಶುರುವಾಯಿತು. ನನ್ನ ಮೇಜನ್ನು ಎತ್ತಿ ಗ್ರಂಥಾಲಯದ ಬಾಗಿಲ ಪಕ್ಕ, ಹಜಾರದಲ್ಲಿ ಇಟ್ಟರು. ಬೀರು ಬರಲಿಲ್ಲ, ಹಾಗಾಗಿ ಪುಸ್ತಕ ಮೇಜಿನ ಮೇಲೇ ಬಿದ್ದಿರುತ್ತಿತ್ತು. ಅದನ್ನು ಯಾರು ಬೇಕಾದರೂ ಓದಬಹುದು ಎಂದು ನಿಯಮವೇ ಇದೆ. ಬೀರುವಿನೊಳಗಿದ್ದಾಗ ಆ ನಿಯಮ ಯಾರಿಗೆ ಗೊತ್ತಿತ್ತು? ಹಜಾರಕ್ಕೆ ಬಂದದ್ದೇ ತಡ, ಹೋಗುವವರು ಬರುವವರು ಬಗ್ಗಿ ಬಗ್ಗಿ ಓದತೊಡಗಿದರು.

ಓದಿ ನಗತೊಡಗಿದರು, ಪುಟ್ಟಿ! ನಮ್ಮಲ್ಲಿ ಬರೆಯುವ ಪದ್ಧತಿಯೇ ಹಾಗಿತ್ತು. ಸೈಕಲ್ ಕಳವಾದರೆ ‘ಸೈಕಲ್ ಇಟ್ಟ ಜಾಗ ಮರೆತಿರುವುದು’. ಬೀಗ ಒಡೆದರೆ ‘ಬೀಗ ಹಳೆಯದು’. ಹುಡುಗಿಯ ಬೆನ್ನು ಬಿದ್ದರೆ ‘ಪರಿಚಯ ಮಾಡಿಕೊಳ್ಳುವ ಪ್ರಯತ್ನ’. ನಾನು ಸೇರಿದಾಗ ಹಿಂದಿನ ಗುಮಾಸ್ತರು ಕಲಿಸಿದ ಪಾಠ ಅದು. ವರ್ಷದ ಕೊನೆಗೆ ಅಪರಾಧಗಳು ಒಂದು ಕೈಯ ಬೆರಳು ದಾಟಬಾರದು, ಅಷ್ಟೇ. ನನ್ನ ಅಕ್ಷರ ಮುತ್ತಿನ ಹಾಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು, ನಾನೂ ಉಬ್ಬಿಹೋಗುತ್ತಿದ್ದೆ.

ಮೂರನೇ ದಿನ ಯಾರೋ ಪೆನ್ಸಿಲಿನಲ್ಲಿ ತಿದ್ದಿದ್ದರು: ‘ಮರೆತಿಲ್ಲ, ಕದ್ದಿದ್ದಾರೆ. ಬೀಗ ಹೊಸದು. ಇಂತಿ, ಸೈಕಲ್ಲಿನವನು.’ ನನಗೆ ಮೈಯೆಲ್ಲ ಉರಿಯಿತು. ಅಳಿಸೋಣವೆಂದು ರಬ್ಬರ್ ತೆಗೆದುಕೊಂಡೆ. ಅಷ್ಟರಲ್ಲಿ ಎದುರಿಗೆ ರಸಾಯನಶಾಸ್ತ್ರ ಓದುವ ಹುಡುಗಿಯೊಬ್ಬಳು ಬಂದು ನಿಂತಳು. ಲ್ಯಾಬ್ ಕೋಟು ಕೂಡ ಬಿಚ್ಚಿರಲಿಲ್ಲ.

“ಆಂಟಿ, ಇದು ನಂದಲ್ವಾ?” ಅಂತ ಒಂದು ಸಾಲಿನ ಮೇಲೆ ಬೆರಳಿಟ್ಟಳು. “ಅವನು ನನ್ನ ಕೈ ಹಿಡಿದು ಎಳೆದ ಅಂತ ಹೇಳಿದ್ದೆ. ನೀವು ‘ಮಾತಿನ ಚಕಮಕಿ’ ಅಂತ ಬರ್ದಿದೀರಿ. ನಾನು ಮಾತೇ ಆಡಿಲ್ವಲ್ಲ ಆಂಟಿ. ಕಿರುಚಿದೆ ಅಷ್ಟೇ.”

ಅವಳು ಕೂಗಾಡಿದ್ದರೆ ನಾನೂ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದೆ. ಅವಳು ಕೂಗಾಡಲಿಲ್ಲ. ನನಗೆ ನಾಚಿಕೆಯಾಯಿತು. ಕುರ್ಚಿ ಎಳೆದು, “ಕೂತ್ಕೋಮ್ಮ, ನೀನು ಹೇಳಿದ ಹಾಗೇ ಬರೀತೀನಿ” ಅಂದೆ. ಹೇಳಿದಳು, ಬರೆದೆ, ಓದಿ ತೋರಿಸಿದೆ. ತಲೆಯಾಡಿಸಿ ಸಹಿ ಹಾಕಿದಳು.

ಮಾರನೇ ದಿನ ಅವಳು ಗೆಳತಿಯರಿಬ್ಬರನ್ನು ಕರೆತಂದಳು. ಆಮೇಲೆ ಸಾಲೇ ನಿಂತಿತು! ಹೋದ ವರ್ಷ ಐದಿದ್ದ ದೂರು ಜನವರಿ ಕೊನೆಗೆ ಮುಗಿಯುವ ಈ ವರದಿ ವರ್ಷದಲ್ಲಿ ಅರವತ್ತಮೂರಾಯಿತು.

ನಮ್ಮ ಭದ್ರತಾ ಅಧಿಕಾರಿ ಮೀಸೆ ಸಾಹೇಬರು ಹೌಹಾರಿದರು. “ಏನ್ರೀ ಇದು? ಇನ್ನೆರಡು ವಾರಕ್ಕೆ ವಾರ್ಷಿಕ ವರದಿ ಅಚ್ಚಾಗ್ಬೇಕು. ಇದನ್ನ ನೋಡಿದ್ರೆ ಮಕ್ಕಳನ್ನ ಇಲ್ಲಿಗೆ ಯಾರು ಕಳಿಸ್ತಾರೆ? ಐದಾರು ಇಟ್ಕೊಂಡು ಮಿಕ್ಕಿದ್ದನ್ನ ಹಳೇ ತರಾನೇ ಬರ್ದುಬಿಡಿ.”

“ಬರಿಯಲ್ಲ ಸರ್” ಅಂದೆ. ಬಾಯಿಗೆ ಅದು ಹೇಗೆ ಬಂತೋ!

“ಕೆಲಸ ಬೇಕೋ ಬೇಡ್ವೋ ನಿಮಗೆ?”

ಬೇಕಿತ್ತು. ನಿವೃತ್ತಿಗೆ ಇನ್ನೂ ಮೂರು ವರ್ಷವಿದೆ. ಎರಡು ದಿನ ಊಟ ಸೇರಲಿಲ್ಲ. ನಿಮ್ಮಪ್ಪ ಮಾತ್ರ, “ಹೋದ್ರೆ ಹೋಗ್ಲಿ ಬಿಡೇ, ಮನೇಲಿದ್ದು ನನ್ನ ಕನ್ನಡಕ ಹುಡ್ಕು” ಅಂದರು. ಆ ಮನುಷ್ಯನಿಂದ ಅಷ್ಟು ಧೈರ್ಯದ ಮಾತು ಮದುವೆಯಾದಾಗಿನಿಂದ ಕೇಳಿರಲಿಲ್ಲ.

ವಿಷಯ ಕುಲಪತಿ ಮೇಡಂ ಕೋಣೆಗೆ ಹೋಯಿತು. ನನ್ನನ್ನೂ ಕರೆಸಿದರು. “ಐದರಿಂದ ಅರವತ್ತಮೂರು! ಒಂದೇ ವರ್ಷಕ್ಕೆ ಇಷ್ಟು ಹಾಳಾಯ್ತಾ ನಮ್ಮ ಕ್ಯಾಂಪಸ್ಸು?” ಅಂತ ಕೇಳಿದರು.

“ಹಾಳಾಗಿಲ್ಲ ಮೇಡಂ, ಈಗ ಬರೀತಿದೀವಿ ಅಷ್ಟೇ. ಹೋದ ವರ್ಷದ ಐದು ನಾನು ಬರೆದ ಸುಳ್ಳು” ಅಂದೆ. ಪುಟ ತಿರುವಿ ತೋರಿಸಿದೆ. ಅರವತ್ತಮೂರರಲ್ಲಿ ಹತ್ತೊಂಬತ್ತು ದೂರು ಒಂದೇ ಕಡೆಯವು. ಲ್ಯಾಬಿನಿಂದ ಹುಡುಗಿಯರ ಹಾಸ್ಟೆಲಿಗೆ ಹೋಗುವ, ಪಂಪ್ ಹೌಸ್ ಹಿಂದಿನ ದಾರಿ. ಸಂಜೆ ಆರರಿಂದ ಏಳು. ಮೇಡಂ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು ಅರ್ಧ ಗಂಟೆ ಓದಿದರು. ಕೊನೆಗೆ, “ಅರವತ್ತಮೂರೂ ಅಚ್ಚಾಗ್ಲಿ” ಅಂದರು.

ಅಚ್ಚಾಯಿತು! ಆ ದಾರಿಯ ಪೊದೆ ಕಡಿಸಿ ಹನ್ನೆರಡು ದೀಪ ಹಾಕಿಸಿದ್ದಾರೆ. ಪಂಪ್ ಹೌಸ್ ಹಿಂದೆ ಹೊಂಚುಹಾಕುತ್ತಿದ್ದವನನ್ನು ಮೀಸೆ ಸಾಹೇಬರೇ ಮಫ್ತಿಯಲ್ಲಿ ಕಾದು ಹಿಡಿದು ಪೊಲೀಸರಿಗೊಪ್ಪಿಸಿದರು. ಈಗ ಅರವತ್ತಮೂರು ಎಂಬುದನ್ನು ಪರೀಕ್ಷೆಯಲ್ಲಿ ತಾವೇ ತೆಗೆದ ಅಂಕದ ಹಾಗೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ. ಮೊನ್ನೆ ಮಗಳನ್ನು ಸೇರಿಸಲು ಬಂದ ತಾಯಿಯೊಬ್ಬರು ವರದಿ ಓದಿ, “ಮುಚ್ಚಿಡದೆ ಬರ್ದಿದಾರೆ, ಇಲ್ಲೇ ಓದ್ಲಿ” ಅಂದರಂತೆ. ನಿನ್ನೆ ದೀಪ ಹತ್ತುವ ಹೊತ್ತಿಗೆ ಹುಡುಗಿಯರೆಲ್ಲ ನನ್ನನ್ನು ಎಳೆದುಕೊಂಡು ಆ ದಾರಿಯುದ್ದಕ್ಕೂ ಹಾಡುತ್ತಾ ನಡೆದರು. ನಾನೂ ಹಾಡಿದೆ. ಶ್ರುತಿ ಎತ್ತಲೋ, ನಾನೆತ್ತಲೋ! ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಗುನಗುತ್ತಾ ನೂರು ಕಾಲ ಬಾಳು, ನನ್ನ ಕಂದ.

ನಿನ್ನ
ಅಮ್ಮ

ತಾ.ಕ.: ಕವರಿಗೆ ಹಾಕಿದ ಕಾಗದವನ್ನು ಮತ್ತೆ ತೆಗೆದೆ. ಎರಡು ತಿಂಗಳು ಬರೆಯದಿದ್ದದ್ದು ಪುರುಸೊತ್ತಿಲ್ಲದೆ ಅಲ್ಲ, ನಿನಗೆ ಮುಖ ತೋರಿಸಲಾಗದೆ. ನೀನು ಇಲ್ಲೇ ಓದುತ್ತಿದ್ದಾಗ, ನಾಲ್ಕು ವರ್ಷದ ಹಿಂದೆ, ಅಕ್ಟೋಬರ್ ಒಂಬತ್ತರ ಸಂಜೆ, ಅದೇ ದಾರಿಯಿಂದ ಓಡಿಬಂದು ನನ್ನೆದುರು ನಿಂತೆ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. “ಅಮ್ಮಾ, ಬರ್ಕೋ” ಅಂದೆ. ನಾನು ಅತ್ತಿತ್ತ ನೋಡಿ, “ಮೆಲ್ಲಗೆ, ಮನೇಲಿ ಮಾತಾಡೋಣ” ಅಂದೆ. ಮನೆಯಲ್ಲಿ ಮಾತಾಡಲಿಲ್ಲ. ಹೋದ ವಾರ ಆ ವರ್ಷದ ಪುಸ್ತಕ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ‘ಇಂದು ದೂರುಗಳಿಲ್ಲ’ ಎಂದಿದೆ. ಕೆಳಗೆ ನನ್ನ ಸಹಿ.

ತಪ್ಪು ನನ್ನದು, ಮಗಳೇ. ಕ್ಷಮಿಸು. ತಡವಾದ ದೂರನ್ನೂ ಬರೆದುಕೊಳ್ಳಬೇಕೆಂದು ನಿಯಮವಿದೆ. ಬರೆಸುವುದೂ ಬಿಡುವುದೂ ನಿನಗೆ ಸೇರಿದ್ದು. ಬೇರೆ ಯಾರಾದರೂ ಬರೆದುಕೊಳ್ಳಲಿ ಅಂದರೆ ನಾನು ಹೊರಗೆ ಕೂತಿರುತ್ತೇನೆ. ನನಗೇ ಹೇಳುತ್ತೀ ಎಂದಾದರೆ, ನೀನು ಪೂರ್ತಿ ಹೇಳಿ ಮುಗಿಸುವ ತನಕ ನಾನು ಒಂದು ಮಾತೂ ಆಡುವುದಿಲ್ಲ.