ತಡವಾಗಿ ಬಂದ ‘ಆತು’

ಹೊಳನಗದ್ದೆ
೧೮-೮-೨೦೨೪, ರವಿವಾರ

ಪ್ರೀತಿಯ ಮನೆಯವರಿಗೆ ರಂಜಿತಾ ಮಾಡುವ ನಮಸ್ಕಾರಗಳು.

ಸೊಂಟನೋವು ಹೇಗಿದೆ? ಜೆಸಿಬಿ ಸೀಟಿನ ಮೇಲೆ ಹಾಕಿಕೊಳ್ಳಿ ಎಂದು ಹತ್ತಿಯ ದಿಂಬು ಕೊಟ್ಟು ಕಳಿಸಿದ್ದೆ. ಅದನ್ನು ನೀವು ತಲೆಯಡಿ ಇಟ್ಟುಕೊಂಡು ಮಲಗುತ್ತೀರಂತೆ, ರಜೆಗೆ ಬಂದ ಶಿವ ಹೇಳಿದ. ನಿಮ್ಮ ತಲೆಗೆ ಏನೂ ಆಗಿಲ್ಲ, ಆಗಿರುವುದು ಸೊಂಟಕ್ಕೆ. ಇಲ್ಲಿ ನಾವು ಸುಖವಾಗಿದ್ದೇವೆ. ಕಾಗದ ಕಂಡು ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ನಿಮ್ಮ ಅವ್ವ ಗಟ್ಟಿಯಾಗಿದ್ದಾರೆ. ನಿನ್ನೆಯೂ ಹರಿವೆ ಸೊಪ್ಪು, ಹೀರೆಕಾಯಿ ಹೊತ್ತುಕೊಂಡು ಕುಮಟೆ ಪೇಟೆಗೆ ಹೋಗಿ ಬುಟ್ಟಿ ಬರಿದು ಮಾಡಿಕೊಂಡು ಬಂದರು. ಮೆಸೇಜು ಹಾಕಿದ್ದರೆ ಆಗುತ್ತಿತ್ತಲ್ಲ ಎನ್ನುತ್ತೀರಿ, ಗೊತ್ತು. ಯಾವ ಮೆಸೇಜಿಗೂ ನೀವು ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿ ಕೈತೊಳೆದುಕೊಳ್ಳುತ್ತೀರಿ. ಎಸ್ಸೆಲ್ಸಿ ಪಾಸಾದವರೂ ಹೆಬ್ಬೆಟ್ಟು ಒತ್ತುವ ಕಾಲ ಬಂತು. ಫೋನಿನಲ್ಲೇ ಹೇಳೋಣವೆಂದರೆ ನಿಮ್ಮ ಶೆಡ್ಡಿನಲ್ಲಿ ಎಂಟು ಜನ ಕಿವಿ ಕೊಟ್ಟು ಕೂತಿರುತ್ತಾರೆ. ಬಾಡ ಊರಿನ ಶಿವ ರಜೆ ಮುಗಿಸಿ ನಾಳೆ ಬೆಳಿಗ್ಗೆ ರತ್ನಾಗಿರಿಗೆ, ನಿಮ್ಮ ಕೆಲಸದ ಜಾಗಕ್ಕೇ ವಾಪಸು ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ. ಲಕೋಟೆಯನ್ನು ಅನ್ನದ ಅಗುಳು ಹಚ್ಚಿ ಅಂಟಿಸುತ್ತೇನೆ. ಬಿಚ್ಚಿದ ಹಾಗೆ ಕಂಡರೆ ಅವನನ್ನೇ ಕೇಳಿ.

ಮೊದಲು ನೀವು ಕೊಟ್ಟುಹೋದ ಫೋನಿನ ಸುದ್ದಿ. ಡೇಟಾ ಮಾತ್ರದ ಸಿಮ್ ಹಾಕಿಕೊಟ್ಟಿರಿ. ನಂಬರ್ ಒತ್ತಿ ಕರೆ ಮಾಡಲು ಬರುವುದಿಲ್ಲ, ಹಾಗೆ ಮಾಡಿದವರ ಕರೆ ಬರುವುದೂ ಇಲ್ಲ, ಏನಿದ್ದರೂ ನೆಟ್ಟಿನ ಮೇಲೆ ವಾಟ್ಸಾಪಿನಲ್ಲೇ ಆಗಬೇಕು. ನಿಮ್ಮ ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಎಂತಾ ಫೋನೇ ಇದು, ನೆಟ್ ಇಲ್ದೇ ಹೋದ್ರೆ ಬರೀ ಮಣೆ” ಎಂದಿದ್ದರು. ನೆಟ್ ಸರಿಯಾಗಿ ಸಿಗುವುದು ಬಾವಿಯ ಹತ್ತಿರ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತರೆ. ಈ ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಅಲ್ಲಿ ನಿಂತ ನನ್ನನ್ನು ನೋಡಿದವರು ಪೂಜೆಗೆ ನಿಲ್ಲಿಸಿದ್ದಾರೆ ಎಂದುಕೊಳ್ಳಬೇಕು. ದೂರುತ್ತಿಲ್ಲ, ಮಣೆಯಾದರೂ ನಮ್ಮ ಮಣೆ. ನಿಮ್ಮ ದನಿ ಕೇಳುವುದು ಅದರಲ್ಲಿಯೇ ಅಲ್ಲವೇ.

ಮಣೆ ಎಂದು ಬೈದ ಅವ್ವನೇ ಈಗ ಅದನ್ನು ಬಿಟ್ಟಿರುವುದಿಲ್ಲ. ಹೊನ್ನಾವರದಲ್ಲಿರುವ ಅವರ ತಂಗಿ, ನಿಮ್ಮ ನಾಗಿ ಚಿಕ್ಕಮ್ಮ, ಮೊಮ್ಮಗಳ ಫೋನು ಹಿಡಿದುಕೊಂಡು ಕೂರುತ್ತಾರೆ, ಇಲ್ಲಿ ಇವರು ಕಲ್ಲಿನ ಮೇಲೆ ಗೋಣಿ ಹಾಸಿ ಕೂರುತ್ತಾರೆ. ಹಾಡಬೇಕಲ್ಲ! ನಮ್ಮ ಹಾಡು ನಿಮಗೆ ಗೊತ್ತೇ ಇದೆ, ಒಬ್ಬರು ಸೊಲ್ಲು ಹೇಳಿದರೆ ಇನ್ನೊಬ್ಬರು ಅದನ್ನೇ ಎತ್ತಿಕೊಳ್ಳಬೇಕು, ನಡುವೆ ಉಸಿರಾಡಲೂ ಜಾಗವಿಲ್ಲ. ನೆಟ್ಟಿನಲ್ಲಿ ಚಿಕ್ಕಮ್ಮನ ಸೊಲ್ಲು ಇಲ್ಲಿಗೆ ಬರುವಷ್ಟರಲ್ಲಿ ಅವ್ವ ಮುಂದಿನದಕ್ಕೆ ಹೋಗಿಯಾಗಿರುತ್ತದೆ. ಮೊದಲ ವಾರವೆಲ್ಲ ಜಗಳ. ತಂಗಿ ಹಿಂದೆ ಬೀಳುತ್ತಾಳೆ ಎಂದು ಇವರು, ಅಕ್ಕ ಓಡುತ್ತಾಳೆ ಎಂದು ಅವರು. ಕೊನೆಗೆ ನಾನೇ ಹೇಳಿಕೊಟ್ಟೆ, ಮಾತು ಹೋಗಿ ಮುಟ್ಟಲು ಹೊತ್ತು ಹಿಡಿಯುತ್ತದೆ, ಒಂದು ಸೊಲ್ಲು ಹೇಳಿ ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು ತಡೆಯಿರಿ ಎಂದು. ಈಗ ಹಾಗೇ ಮಾಡುತ್ತಾರೆ. ಹಾಡು ಮುಗಿಯುವಾಗ ದಿನದ ಡೇಟಾ ಖಾಲಿ, ಎಲೆಯ ತಟ್ಟೆಯೂ ಖಾಲಿ.

ಇನ್ನು ನಮ್ಮಿಬ್ಬರ ಜಗಳದ ವಿಷಯಕ್ಕೆ ಬರುತ್ತೇನೆ. ಮೇ ತಿಂಗಳಲ್ಲಿ ಪಂಚಾಯ್ತಿಯ ಕಸದ ಗಾಡಿಗೆ ನಮ್ಮ ಸಂಘದಿಂದ ಒಬ್ಬ ಹೆಂಗಸು ಡ್ರೈವರ್ ಬೇಕು, ಕಲಿಸುವುದೂ ಅವರೇ, ಹೆಸರು ಕೊಡಲು ನಾಳೆಯೇ ಕಡೆ ಎಂದು ಹೇಳಿಕಳಿಸಿದರು. ನಾನು ನಿಮ್ಮ ಊಟದ ಬಿಡುವಿನ ಹೊತ್ತು ನೋಡಿ ಕಲ್ಲು ಹತ್ತಿ ಕರೆ ಮಾಡಿದೆ. ಊಟ ಆತಾ ಎಂದು ಕೇಳಿದೆ, ಕಸದ ಗಾಡಿ ಕಲಿಯಲು ಹೆಸರು ಕೊಡಲಾ ಎಂದೂ ಕೇಳಿದೆ. ಅವ್ವ ಪಕ್ಕದಲ್ಲೇ ಪಾತ್ರೆ ತೊಳೆಯುತ್ತಿದ್ದರು. ನೀವು “ಆತು, ಆತು” ಎಂದಿರಿ. ಒಂದಲ್ಲ, ಎರಡು ಸಲ. ಅವ್ವನಿಗೂ ಕೇಳಿತು. ಆಮೇಲೆ ಕರೆ ಕಟ್ಟಾಯಿತು. ಮರುದಿನ ಹೋಗಿ ಹೆಸರು ಕೊಟ್ಟೆ. ಹೆಂಗಸಿಗೆ ಯಾಕೆ ಸ್ಟೇರಿಂಗು ಎಂದು ಕೇರಿಯಲ್ಲಿ ಮಾತು ಬಂದಾಗ ಅವ್ವನೇ ಜಗುಲಿಯಲ್ಲಿ ನಿಂತು, “ನನ್ನ ಮಗ ಆತು ಅಂದಾನೆ, ನಿಮ್ಗೆಂತ” ಎಂದು ಎಲ್ಲರ ಬಾಯಿ ಮುಚ್ಚಿಸಿದರು.

ಸ್ಕೂಟರು ಕಲಿಸಿ ಎಂದು ನಾನು ಮೂರು ವರ್ಷ ನಿಮ್ಮ ಬೆನ್ನು ಬಿದ್ದಿದ್ದೆ, ನೆನಪಿದೆಯೇ? ಪ್ರತಿ ಸಲವೂ ‘ನೋಡ್ವಾ’ ಎಂದಿರಿ. ನಿಮ್ಮ ನೋಡ್ವಾಗೆ ಕಣ್ಣೇ ಇಲ್ಲ. ಕುಮಟೆಯಲ್ಲಿ ಕಲಿಸಿದ ಮಾಸ್ತರರು ನಾನು ಕ್ಲಚ್ ಬಿಟ್ಟಾಗಲೆಲ್ಲ ಕೊಂಕಣಿಯಲ್ಲಿ ಬೈಯುತ್ತಿದ್ದರು; ಅರ್ಥವಾಗುವುದಿಲ್ಲ ಎಂದು ಅವರು ತಿಳಿದಿದ್ದರು, ನಾನೂ ತಿಳಿಯದ ಹಾಗೆ ಇದ್ದೆ. ಲೈಸೆನ್ಸು ಮೊದಲ ಸಲಕ್ಕೇ ಸಿಕ್ಕಿತು. ನಿಮಗೆ ಎಷ್ಟನೆಯ ಸಲಕ್ಕೆ ಸಿಕ್ಕಿತ್ತು ಎಂದು ಅವ್ವ ಹೇಳಿದ್ದಾರೆ, ಇಲ್ಲಿ ಬರೆಯುವುದಿಲ್ಲ. ಈಗ ನಾಲ್ಕು ವಾರದಿಂದ ಬೆಳಿಗ್ಗೆ ಏಳಕ್ಕೆ ಗಾಡಿ ತೆಗೆಯುತ್ತೇನೆ. ಮೊದಲ ದಿನ ರಿವರ್ಸಿನಲ್ಲಿ ಒಬ್ಬರ ದಾಸವಾಳದ ಬೇಲಿಗೆ ತಾಗಿಸಿದೆ. ಮರುದಿನ ಅದೇ ಮನೆಯವರು ಚಾ ಕೊಟ್ಟರು. ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ಹೇಳಿ ಹೇಳಿ ಗಂಟಲು ಒಣಗುತ್ತದೆ. ಅವ್ವನಿಗೆ ಒಂದೇ ಸಿಟ್ಟು, ಬುಟ್ಟಿ ಹೊತ್ತು ಪೇಟೆಗೆ ಹೊರಟವರನ್ನು ನಾನು ದಾಟಿ ಹೋಗುತ್ತೇನೆ, ಹತ್ತಿಸಿಕೊಳ್ಳುವುದಿಲ್ಲ ಎಂದು. ಪಂಚಾಯ್ತಿ ಗಾಡಿಯಲ್ಲಿ ಜನ ಹತ್ತಿಸುವ ಹಾಗಿಲ್ಲ ಎಂದರೆ, ಸೊಸೆ ದೊಡ್ಡ ಸಾಹೇಬಳಾದಳು ಎನ್ನುತ್ತಾರೆ. ನಿಜ ಹೇಳಲೇ, ನನಗೆ ಬಹಳ ಖುಷಿಯಾಗಿದೆ. ಇಷ್ಟು ವರ್ಷದಲ್ಲಿ ಊರಿನ ರಸ್ತೆ ನನಗೆ ಇಷ್ಟು ಅಗಲವಾಗಿ ಕಂಡಿರಲಿಲ್ಲ.

ನಿಮಗೆ ಇಷ್ಟು ದಿನ ಗೊತ್ತಾಗಲಿಲ್ಲವಲ್ಲ ಎಂದರೆ, ಅದರಲ್ಲಿ ನನ್ನದೂ ಪಾಲಿದೆ. ಸಂಘದ ಟ್ರೇನಿಂಗಿಗೆ ಹೋಗಿ ಬಂದೆ ಎನ್ನುತ್ತಿದ್ದೆ. ನೀವು ಹೊಲಿಗೆಯದ್ದು ಎಂದು ತಿಳಿದು, ನನಗೊಂದು ಅಂಗಿ ಹೊಲಿ ಎಂದಿರಿ. ನಾನು ತಿದ್ದಲಿಲ್ಲ. ನಿಮಗೆ ಗೊತ್ತೇ ಇದೆ ಎಂದುಕೊಂಡು ಅವ್ವನೂ ಆ ಮಾತು ಎತ್ತಲಿಲ್ಲ. ಕಳೆದ ಮಂಗಳವಾರ ಸಂಘದ ಮಧುರಾ ನಾನು ಗಾಡಿಯಲ್ಲಿ ಕೂತ ಫೋಟೋ ಸ್ಟೇಟಸ್ಸಿಗೆ ಹಾಕಿದಳು, ನೀವು ನೋಡಿದಿರಿ, ಕರೆ ಮಾಡಿದಿರಿ. ನೀವೇ ಆತು ಅಂದಿದ್ದಿರಲ್ಲ ಎಂದೆ. “ನಾ ಯಾವಾಗ ಅಂದೆ?” ಎಂದಿರಿ. ಅಲ್ಲಿಗೆ ಕರೆ ಕಟ್ಟು. ಕಟ್ ಮಾಡಿದ್ದು ನೀವೋ ನೆಟ್ಟೋ ನನಗೆ ಇವತ್ತಿಗೂ ಗೊತ್ತಿಲ್ಲ. ಐದು ದಿನದಿಂದ ನನ್ನ ಮೆಸೇಜಿಗೆ ನೀಲಿ ಗೆರೆ ಬೀಳುತ್ತದೆ, ಆ ಹಾಳು ಹೆಬ್ಬೆಟ್ಟೂ ಬರುವುದಿಲ್ಲ. ಬೈದಿದ್ದರೆ ಬೈಸಿಕೊಂಡು ತಿರುಗಿ ಬೈಯುತ್ತಿದ್ದೆ, ಸುಮ್ಮನಿದ್ದರೆ ನನಗೆ ಊಟ ಸೇರುವುದಿಲ್ಲ. ಗಾಡಿ ಬಿಡು ಎನ್ನುತ್ತೀರೋ, ಚೌತಿಗೆ ಬರುವುದನ್ನೇ ಬಿಡುತ್ತೀರೋ ಎಂದು ಅಂಜಿಕೆಯಾಗಿದೆ. ಆದರೆ ಆತು ಎಂದವರು ನೀವು. ಕೇಳಿದವರು ಇಬ್ಬರಿದ್ದೇವೆ.

ಮಳೆಯಲ್ಲಿ ನೆನೆದು ಮಷಿನ್ ಹತ್ತಬೇಡಿ. ಶಿವನ ಕೈಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ ಕಳಿಸಿದ್ದೇನೆ, ಶೆಡ್ಡಿನವರಿಗೆಲ್ಲ ಹಂಚಿ ನೀವು ಬೆರಳು ಚೀಪುತ್ತಾ ಕೂರಬೇಡಿ. ಅವ್ವ ನಿಮ್ಮ ತಲೆಯ ಮೇಲೆ ಕೈಯಿಟ್ಟ ಹಾಗೆ ಬರೆ ಎಂದಿದ್ದಾರೆ, ಬರೆದಿದ್ದೇನೆ.

ನಿಮ್ಮ ದಾರಿ ನೋಡುವ,
ರಂಜಿತಾ

ತಾ.ಕ.: ಶಿವ ಬಂದು ಜಗುಲಿಯಲ್ಲಿ ಕೂತಿದ್ದಾನೆ, ಬೇಗ ಬರೆಯುತ್ತೇನೆ. ಅವ್ವ ಅವನಿಗೆ ಚಾ ಕೊಡುತ್ತಿದ್ದಾರೆ. ಮೇಲೆ ಬರೆದದ್ದು ಪೂರಾ ಸತ್ಯವಲ್ಲ. ಆವತ್ತು ನಿಮ್ಮ ‘ಆತು’ ಊಟಕ್ಕೆ. ನನಗೆ ಅದು ಆಗಲೇ ಗೊತ್ತಿತ್ತು. ಊಟ ಆತಾ ಎಂದು ಕೇಳಿ ಕಾದೆ, ಸದ್ದಿಲ್ಲ. ಕೇಳಿಸಲಿಲ್ಲವೇನೋ ಎಂದು ಗಾಡಿಯ ವಿಷಯ ಕೇಳಿದೆ. ಆಗ ನಿಮ್ಮ ಮೊದಲಿನ ಉತ್ತರ ಬಂದು ಮುಟ್ಟಿತು. ಆತು ಆತು ಎಂದ ಮೇಲೆ ‘ಬಂಗಡೆ ಸಾರು’ ಎಂದೂ ಅಂದಿರಿ. ಕಸದ ಗಾಡಿಗೆ ಯಾರಾದರೂ ಬಂಗಡೆ ಸಾರು ಎನ್ನುತ್ತಾರೆಯೇ? ಪಾತ್ರೆಯ ಸದ್ದಿನಲ್ಲಿ ಅವ್ವನಿಗೆ ಅದು ಕೇಳಲಿಲ್ಲ, ನಾನು ಹೇಳಲಿಲ್ಲ. ತಿರುಗಿ ಕರೆ ಮಾಡಬಹುದಿತ್ತು, ನೆಟ್ ಇತ್ತು. ಮಾಡಿದರೆ ನೋಡ್ವಾ ಎನ್ನುತ್ತೀರಿ ಎಂದು ಮಾಡಲಿಲ್ಲ. ತಪ್ಪಾಯಿತು. ನಿಮ್ಮ ಅವ್ವ ಊರೆಲ್ಲ ನಿಮ್ಮ ಮಾತು ಎತ್ತಿ ಹಿಡಿದು ತಿರುಗುವಾಗ ನನಗೆ ಮುಖ ಎತ್ತಲು ಆಗುವುದಿಲ್ಲ. ತಿಂಗಳ ಕೊನೆಗೆ ಪಂಚಾಯ್ತಿಯವರು ನನ್ನನ್ನು ಒಂದು ವರ್ಷಕ್ಕೆ ಬರೆದುಕೊಳ್ಳುತ್ತಾರೆ. ಸಹಿ ಹಾಕುವ ಮೊದಲು ನಿಮ್ಮ ನಿಜವಾದ ಮಾತು ಬೇಕು. ಬೇಡ ಎಂದರೆ ಜಗಳ ಆಡುತ್ತೇನೆ, ಅದು ಬೇರೆ. ಕದ್ದ ಒಪ್ಪಿಗೆಯ ಮೇಲೆ ಗಾಡಿ ಓಡಿಸಿ ಸಾಕಾಯಿತು. ಗುರುವಾರ ಸಂಜೆ ಆರಕ್ಕೆ ಶೆಡ್ಡು ಬಿಟ್ಟು ಒಬ್ಬರೇ ಅಲ್ಲಿಯ ಗುಡ್ಡದ ಮೇಲೆ ಹೋಗಿ ನಿಲ್ಲಿ, ನಾನು ಕಲ್ಲು ಹತ್ತಿ ಕರೆ ಮಾಡುತ್ತೇನೆ. ಊಟದ ಸುದ್ದಿ ಎತ್ತುವುದಿಲ್ಲ. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಕೇಳಿ ಸುಮ್ಮನೆ ನಿಂತಿರುತ್ತೇನೆ, ಎಷ್ಟು ಹೊತ್ತಾದರೂ.