ಎದೆ ಮರಗಟ್ಟುವ ಇಂಜೆಕ್ಷನ್

ಅತ್ತೆ,

ಇವರು ತೀರಿಹೋದ ಮೇಲೆ ಸಮಾಧಾನ ಹೇಳಲು ಯಾರೂ ಬಾರದ ಮೊದಲ ಬೆಳಗು ಇದು. ಅನ್ನ ಕುಕ್ಕರಿನಲ್ಲಿದೆ, ನನಗಾಗಿ ಕಾಯದೆ ಊಟ ಮಾಡಿ.

ಸುದ್ದಿ ಕೇಳಿ! ಶುಕ್ರವಾರ ನಿಮ್ಮ ಸ್ತನದ ಆಪರೇಷನ್ನಿಗೆ ಇವರ ಆಸ್ಪತ್ರೆಯ ಅರಿವಳಿಕೆ ಡಾಕ್ಟರ್ ಮೇಡಂ ತಾವೇ ಬರುತ್ತಾರಂತೆ! ಇವರು ಹೇಳುತ್ತಿದ್ದ ಅದೇ ಇಂಜೆಕ್ಷನ್ ಕೊಡುತ್ತಾರಂತೆ. ಪಕ್ಕೆಯ ನರಗಳ ಹತ್ತಿರ ಕೊಟ್ಟರೆ ಎಚ್ಚರವಾದ ಮೇಲೂ ಬಹಳ ಹೊತ್ತು ನೋವು ಕಡಿಮೆ. “ಎದೆ ಮರಗಟ್ಟಿದ್ರೆ ಉಸಿರಾಡೋದು ಹೇಗೇ?” ಅಂದಿರಲ್ಲ, ಮೇಡಂಗೆ ಫೋನ್ ಮಾಡಿ ಕೇಳಿಯೇಬಿಟ್ಟೆ. “ಮರಗಟ್ಟೋದು ಗಾಯದ ಜಾಗ ಅಷ್ಟೇ ಕಣಮ್ಮ. ನನ್ನ ಬೈಯೋಕೆ ನಿಮ್ಮತ್ತೆಗೆ ಬೇಕಾದಷ್ಟು ಉಸಿರಿರುತ್ತೆ” ಅಂದರು. ಇಷ್ಟು ದಿನ ಮರಗಟ್ಟಿ ಕೂತಿದ್ದವಳು ನಕ್ಕುಬಿಟ್ಟೆ, ಅತ್ತೆ! ಇನ್ನು ಆಪರೇಷನ್ ಮುಂದೂಡಬೇಡಿ.

ಇವರು ಮೇಡಂ ಹತ್ತಿರ ಎರವಲು ತಂದಿದ್ದ ನರಗಳ ಪುಸ್ತಕ ಕೊಟ್ಟು ಬರುತ್ತೇನೆ. ಪಕ್ಕೆಯ ಚಿತ್ರದ ಮೇಲೆ ಪೆನ್ಸಿಲಿನಲ್ಲಿ ‘ಅಮ್ಮನಿಗೆ’ ಎಂದು ಬರೆದಿದ್ದಾರೆ. ಅಳಿಸಲಿಲ್ಲ, ಮೇಡಂ ನೋಡಲಿ.